ಹದಿನೈದು ಸೆಂಟ್ಸೋ, ತರವಾಡು ಮನೆಯೋ, ಎರಡು ಎಕರೆಯೋ: ಕರಾವಳಿಯಲ್ಲಿ ನೆಲ ನೆಚ್ಚಿ ಬದುಕಲು ಹೊರಟವರಿಗೆ

"ಒಂದಿಷ್ಟು ಜಾಗ ಮಾಡಿಕೊಂಡು, ಬೇಕಾದ್ದನ್ನು ಬೆಳೆದುಕೊಂಡು ಇದ್ದುಬಿಡಬೇಕು." ಈ ಮಾತು ಮಂಗಳೂರು, ಉಡುಪಿ ಕಡೆ ಈಗ ಮದುವೆ ಊಟದ ಪಂಕ್ತಿಯಲ್ಲೂ ಕಿವಿಗೆ ಬೀಳುತ್ತದೆ. ಬ್ಯಾಂಕಿನಿಂದ ನಿವೃತ್ತರಾದವರು ಹೇಳುತ್ತಾರೆ (ಅವರಿಗೇನು ಈ ಎರಡು ಜಿಲ್ಲೆಗಳಲ್ಲಿ ಬರವಿಲ್ಲ), ದುಬೈ ಬಿಟ್ಟು ಬಂದವರು ಹೇಳುತ್ತಾರೆ, ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕುಳಿತ ಗಂಡ ಹೆಂಡತಿ ಹೇಳುತ್ತಾರೆ. ಮಾತು ಒಂದೇ ಆದರೂ ಬಯಕೆ ಬೇರೆ ಬೇರೆ. ಒಬ್ಬರಿಗೆ ಬೇಕಾದದ್ದು ವಿಷ ಹೊಡೆಯದ ಹರಿವೆ ಸೊಪ್ಪು. ಇನ್ನೊಬ್ಬರಿಗೆ ಅಜ್ಜನ ಮನೆಯ ಚಾವಡಿ. ಮತ್ತೊಬ್ಬರಿಗೆ ಸಂಬಳದ ಬದಲಿಗೆ ಅಡಿಕೆಯ ಆದಾಯ. ಇನ್ನು ಕೆಲವರಿಗೆ ಅಂಗಡಿಯ ಹಂಗೇ ಇಲ್ಲದ ಬದುಕು. ಯಾವುದು ಬೇಕೆಂದು ಇತ್ಯರ್ಥವಾಗುವ ಮೊದಲೇ ಜಾಗ ನೋಡಲು ಹೊರಟರೆ ಬ್ರೋಕರ್ ಏನು ತೋರಿಸುತ್ತಾನೋ ಅದೇ ನಿಮ್ಮ ಕನಸಾಗಿಬಿಡುತ್ತದೆ.

ಯೂಟ್ಯೂಬ್ ಬೇರೆ ಇದೆ. ಮರದ ಮನೆ, ಕೋಳಿಗೂಡು, ಸಾಲು ಸಾಲು ಗಾಜಿನ ಭರಣಿ ತೋರಿಸುವ ಅಲ್ಲಿನ ವಿಡಿಯೊಗಳ ಹಿಂದೆ ಅಮೆರಿಕದ ಚರಿತ್ರೆಯಿದೆ. 1862ರ ಹೋಮ್‌ಸ್ಟೆಡ್ ಕಾಯ್ದೆ ಅಲ್ಲಿ 160 ಎಕರೆವರೆಗೆ ಸರಕಾರಿ ನೆಲವನ್ನು ಹೆಚ್ಚುಕಡಿಮೆ ಪುಕ್ಕಟೆಯಾಗಿ ಕೊಟ್ಟಿತು. ಐದು ವರ್ಷ ಅಲ್ಲೇ ಇದ್ದು ಸಾಗುವಳಿ ಮಾಡಬೇಕೆಂಬುದು ಷರತ್ತು. ಆ ನೆಲ ಮೂಲನಿವಾಸಿಗಳಿಂದ ಕಿತ್ತುಕೊಂಡದ್ದು ಎಂಬುದನ್ನು ವಿಡಿಯೊ ಹೇಳುವುದಿಲ್ಲ, ಇರಲಿ. ನಮ್ಮಲ್ಲಿ ನಡೆದದ್ದೇ ಬೇರೆ. 1974ರ ಭೂಸುಧಾರಣೆ ತಿದ್ದುಪಡಿ ಬಂದಾಗ ಡಿಕ್ಲರೇಶನ್ (ತಾವೇ ಉಳುವವರೆಂಬ ಅರ್ಜಿ) ಕೊಟ್ಟ ಗೇಣಿ ಒಕ್ಕಲುಗಳು ತಾವು ಉಳುತ್ತಿದ್ದ ನೆಲಕ್ಕೆ ಒಡೆಯರಾದರು. ಅದು ಮಕ್ಕಳು ಮೊಮ್ಮಕ್ಕಳ ಪಾಲಾಗಿ, ಇವತ್ತು ಮಾರಾಟಕ್ಕೆ ಬರುವುದು ಅರ್ಧ ಎಕರೆ, ಒಂದೂವರೆ ಎಕರೆಯ ತುಂಡುಗಳಾಗಿ. 160 ಎಕರೆಯ ಲೆಕ್ಕಾಚಾರ 60 ಸೆಂಟ್ಸಿಗೆ (ನೂರು ಸೆಂಟ್ಸಿಗೆ ಒಂದು ಎಕರೆ) ಕೂರುವುದಿಲ್ಲ. ಮೇಲಾಗಿ ಅವರದ್ದು ಚಳಿಗಾಲಕ್ಕೆ ಕೂಡಿಡುವ ಬದುಕು, ನಮ್ಮದು ಮಳೆಗಾಲಕ್ಕೆ.

ಯಾರು ಕೇಳಿದರೂ ನಾನು ಮೊದಲು ಎತ್ತುವುದು ಎರಡು ಪ್ರಶ್ನೆ. ಏಪ್ರಿಲ್, ಮೇ ತಿಂಗಳಲ್ಲಿ ನೀರು ಎಲ್ಲಿಂದ? ಜೂನ್‌ನಿಂದ ಆಗಸ್ಟ್‌ವರೆಗೆ ಆ ಜಾಗದಲ್ಲಿ ಯಾರಿರುತ್ತಾರೆ? ಎಷ್ಟು ಎಕರೆ ಬೇಕು ಎಂಬುದೂ ಈ ಎರಡಕ್ಕೆ ಸಿಗುವ ಉತ್ತರದಿಂದಲೇ ತೀರ್ಮಾನವಾಗಬೇಕು.

ನೀರಿನ ಲೆಕ್ಕ

ಕರಾವಳಿಗೆ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್‌ನೊಳಗೆ ಬಿದ್ದು ಮುಗಿಯುತ್ತದೆ. ಮುರಕಲ್ಲಿನ ನೆಲ ನೀರನ್ನು ಕುಡಿಯುತ್ತದೆ, ಹಿಡಿದಿಟ್ಟುಕೊಳ್ಳುವುದಿಲ್ಲ. ಇಷ್ಟು ಮಳೆ ಬರುವ ಊರಿನಲ್ಲಿ 2019ರ ಮೇ ತಿಂಗಳಲ್ಲಿ ಮಂಗಳೂರಿಗೆ ತುಂಬೆ ಅಣೆಕಟ್ಟಿನ ನೀರನ್ನು ಪಾಳಿ ಮೇಲೆ ಬಿಡಬೇಕಾಯಿತು, ಉಡುಪಿಗೆ ನೀರು ಕೊಡುವ ಬಜೆ ಅಣೆಕಟ್ಟಿನಲ್ಲಿ ಸ್ವರ್ಣಾ ನದಿಯ ತಳ ಕಂಡಿತು. ನಗರದ ನಳ್ಳಿಯೇ ಹಾಗಾದರೆ ಗುಡ್ಡೆಯ ಮೇಲಿನ ಬಾವಿಯ ಪಾಡು ಹೇಳಬೇಕಾಗಿಲ್ಲ.

ಐದು ಸೆಂಟ್ಸ್ ತರಕಾರಿಗೆ ಬಿರುಬೇಸಿಗೆಯಲ್ಲಿ ದಿನಕ್ಕೆ ಸುಮಾರು 1000 ಲೀಟರ್ ಬೇಕು. ಮನೆಬಾವಿ ಅಷ್ಟು ಕೊಟ್ಟೀತು. ಒಂದು ಎಕರೆ ಅಡಿಕೆ ತೋಟದಲ್ಲಿ 550ರಷ್ಟು ಮರ, ಡ್ರಿಪ್‌ನಲ್ಲಿ ಮರಕ್ಕೆ 20 ಲೀಟರ್ ಎಂದರೂ ದಿನಕ್ಕೆ 11,000 ಲೀಟರ್. ಇದಕ್ಕೆ ಕೆರೆಯೋ, ತೋಡಿಗೆ (ಸಣ್ಣ ಹಳ್ಳಕ್ಕೆ) ಕಟ್ಟುವ ಕಟ್ಟವೋ, ಬತ್ತದ ಬೋರ್‌ವೆಲ್ಲೋ ಇರಬೇಕು. ಮನೆತೋಟ ಮತ್ತು ಕೃಷಿ ಎರಡೂ ಒಂದೇ ಬದುಕಿನ ಚಿಕ್ಕ ದೊಡ್ಡ ಗಾತ್ರ ಎಂದುಕೊಂಡವರು ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ನೋಡಲಿ.

ಇನ್ನೊಂದು ಲೆಕ್ಕ ಸಮಾಧಾನದ್ದು. ಸಾವಿರ ಚದರಡಿ ಮಾಡಿನ (ಛಾವಣಿಯ) ಮೇಲೆ ನಮ್ಮ ಮಳೆ ವರ್ಷಕ್ಕೆ ಮೂರೂವರೆ ಲಕ್ಷ ಲೀಟರಿಗೂ ಮಿಕ್ಕಿ ನೀರು ಸುರಿಸುತ್ತದೆ. ಅದನ್ನು ಸೋಸಿ ಬಾವಿಗೆ ಬಿಡುವ ಖರ್ಚು ಹೊಸ ಬೋರ್‌ವೆಲ್ ಖರ್ಚಿನ ಒಂದು ಪಾಲೂ ಅಲ್ಲ. ಹಿಂದಿನವರಿಗೆ ಈ ನೆಲದ ಸ್ವಭಾವ ಗೊತ್ತಿತ್ತು. ಬಂಟ್ವಾಳ ತಾಲೂಕಿನ ಕೇಪು, ಮಾಣಿಲ, ಆಚೆ ಕಾಸರಗೋಡು ಕಡೆ ನೀರಿಗಾಗಿ ಗುಡ್ಡೆಗೆ ಅಡ್ಡಲಾಗಿ ಕೊರೆದ ಸುರಂಗಗಳು ಆ ತಿಳಿವಳಿಕೆಯೇ. ಅಡ್ಯನಡ್ಕ ಬಳಿಯ ಅಮೈ ಮಹಾಲಿಂಗ ನಾಯ್ಕರು ಧಣಿಗಳು ಕೊಟ್ಟ ಬೋಳು ಗುಡ್ಡೆಯಲ್ಲಿ ಒಬ್ಬರೇ ಸುರಂಗ ಕೊರೆದರು. ಮೊದಮೊದಲು ಕೊರೆದವುಗಳಲ್ಲಿ ನೀರೇ ಬರಲಿಲ್ಲ. ಆದರೂ ಬಿಡದೆ ನೀರು ತಂದು ಅಡಿಕೆ, ತೆಂಗು ಬೆಳೆದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಬರಿಗೈಯಲ್ಲಿ ನೆಲ ಕಟ್ಟುವುದೆಂದರೆ ಏನೆಂದು ತಿಳಿಯಬೇಕಿದ್ದರೆ ಅಮೆರಿಕದ ವಿಡಿಯೊ ಬೇಡ, ಈ ಗುಡ್ಡೆ ಸಾಕು.

ಫ್ಲ್ಯಾಟಿನ ತಾರಸಿ

ಕದ್ರಿಯಲ್ಲೋ ಮಣಿಪಾಲದಲ್ಲೋ ಫ್ಲ್ಯಾಟಿನಲ್ಲಿರುವವರಿಗೆ ತಾರಸಿ ಒಂದೇ ದಾರಿ, ಅದು ಕೀಳೇನಲ್ಲ. ಬಸಳೆ, ತೊಂಡೆ, ಹರಿವೆ, ಕರಿಬೇವು, ಕಾಯಿಮೆಣಸು ಗ್ರೋಬ್ಯಾಗಿನಲ್ಲಿ ಚೆನ್ನಾಗಿ ಬರುತ್ತವೆ. ಮಳೆಗಾಲದಲ್ಲಿ ಮೇಲೆ ಪ್ಲಾಸ್ಟಿಕ್ ಹೊದಿಕೆ ಇಲ್ಲದಿದ್ದರೆ ಎಲ್ಲವೂ ಕೊಳೆಯುತ್ತದೆ. ಅಸೋಸಿಯೇಶನ್‌ನವರ ಒಪ್ಪಿಗೆ ಮತ್ತು ತಾರಸಿ ಸೋರದಂತೆ ವಾಟರ್‌ಪ್ರೂಫಿಂಗ್, ಇವೆರಡು ಇದ್ದರೆ ಸಾಕು. ಸೊಪ್ಪು ತರಕಾರಿಯಷ್ಟೇ ನಿಮ್ಮ ಆಸೆಯಾದರೆ ಇಲ್ಲಿಗೇ ನಿಲ್ಲಬಹುದು. ವರ್ಷವಿಡೀ ತಾರಸಿಯ ಬಸಳೆ ಸಾಯದೆ ಉಳಿದರೆ ಮುಂದಿನ ಮಾತು ನೋಡೋಣ.

ಮನೆಯ ಸುತ್ತ ಹದಿನೈದು ಸೆಂಟ್ಸ್

ನನ್ನ ಓಟು ಇದಕ್ಕೆ. ಎರಡು ಎಕರೆ ಹುಡುಕುವವರಲ್ಲಿ ಹೆಚ್ಚಿನವರಿಗೆ ನಿಜಕ್ಕೂ ಬೇಕಾಗಿರುವುದು ಇಷ್ಟೇ ಎಂದು ಅವರ ಮಾತು ಕೇಳುತ್ತಾ ಹೋದ ಹಾಗೆ ನನಗೆ ಅನಿಸಿದೆ. ಕಟಪಾಡಿ, ಹಿರಿಯಡ್ಕ, ಬ್ರಹ್ಮಾವರ, ಈಚೆ ಮೂಡುಬಿದಿರೆ, ಮುಡಿಪು ಸುತ್ತಮುತ್ತ, ಬಸ್ಸಿರುವ ರಸ್ತೆಯಿಂದ ನಡೆದು ಹೋಗುವಷ್ಟು ದೂರದಲ್ಲಿ, ಬಾವಿಯಿರುವ ಹತ್ತರಿಂದ ಇಪ್ಪತ್ತೈದು ಸೆಂಟ್ಸ್ ಜಾಗ. ಕೆಲಸ ಬಿಡಬೇಕಿಲ್ಲ, ಮಕ್ಕಳ ಶಾಲೆ ಬದಲಿಸಬೇಕಿಲ್ಲ.

ಬೇಲಿಗುಂಟ ನಾಲ್ಕೈದು ತೆಂಗಿದ್ದರೆ ದಿನಕ್ಕೊಂದು ಕಾಯಿ ಎಂಬ ಲೆಕ್ಕ ಹೆಚ್ಚುಕಡಿಮೆ ಸರಿಹೋಗುತ್ತದೆ. ಒಂದು ಹಲಸು, ಒಂದು ಜೀಗುಜ್ಜೆ, ಒಂದು ನುಗ್ಗೆ, ಪುನರ್ಪುಳಿ, ಅಂಬಟೆ. ಬಚ್ಚಲ ನೀರು ಹೋಗುವಲ್ಲಿ ಕೆಸು ಮತ್ತು ಬಾಳೆ. ಬಾವಿಕಟ್ಟೆಯ ಹತ್ತಿರ ತಿಮರೆ (ಒಂದೆಲಗ). ತೊಂಡೆಗೊಂದು ಚಪ್ಪರ. ತರಗೆಲೆ ಒಟ್ಟುಮಾಡಿ ಸುಡುಮಣ್ಣು ಮಾಡಿಕೊಂಡರೆ, ಹತ್ತಿರದ ಹಟ್ಟಿಯಿಂದ ಒಂದಿಷ್ಟು ಗೊಬ್ಬರ ತಂದರೆ ತರಕಾರಿ ನಡೆಯುತ್ತದೆ. ನಮ್ಮ ಕೆಂಪು ಮಣ್ಣು ಹುಳಿ, ಆಗಾಗ ಸುಣ್ಣ ಕೊಡಬೇಕು. ಬೇಸಿಗೆಯ ಮಂಗಳೂರು ಸೌತೆ ಬಾಳೆನಾರಿನಲ್ಲಿ ಕಟ್ಟಿ ತೂಗುಹಾಕಿದರೆ ಆಟಿ (ಜುಲೈ, ಆಗಸ್ಟ್) ತಿಂಗಳವರೆಗೆ ಕೆಡದೆ ಉಳಿಯುತ್ತದೆ. ಹಲಸಿನ ಸೊಳೆ ಉಪ್ಪಿನಲ್ಲಿ, ಬೀಜ ಉಪ್ಪುನೀರಲ್ಲಿ ಬೇಯಿಸಿ ಒಣಗಿಸಿದ ಸಾಂತಾಣಿಯಾಗಿ, ಉಳಿದದ್ದು ಹಪ್ಪಳವಾಗಿ. ಭರಣಿ ತುಂಬುವ ವಿದ್ಯೆಯನ್ನು ಹೊರಗಿನಿಂದ ಕಲಿಯಬೇಕಾಗಿಲ್ಲ, ಅತ್ತೆಯನ್ನೋ ದೊಡ್ಡಮ್ಮನನ್ನೋ ಕೇಳಿದರೆ ಸಾಕು. ಅವರು ಇರುವಾಗಲೇ ಕೇಳಬೇಕು, ಅಷ್ಟೆ.

ಇಷ್ಟು ಚಿಕ್ಕ ಜಾಗದಲ್ಲಿ ಹಣ ಬರುವ ಬೆಳೆಯೂ ಇದೆ. ಶಂಕರಪುರದ ಮಲ್ಲಿಗೆಯನ್ನು ಅನೇಕ ಮನೆಯವರು ಕೆಲವೇ ಸೆಂಟ್ಸಿನಲ್ಲಿ ಬೆಳೆಯುತ್ತಾರೆ, ತಾರಸಿಯ ಕುಂಡದಲ್ಲಿ ಬೆಳೆಯುವವರೂ ಇದ್ದಾರೆ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಮದುವೆ, ನೇಮಗಳ (ದೈವದ ಕೋಲಗಳ) ದಿನಗಳಲ್ಲಿ ಅಟ್ಟೆಗೆ ಎರಡು ಸಾವಿರ ದಾಟಿದ್ದೂ ಉಂಟು, ಕೇಳುವವರಿಲ್ಲದೆ ನೂರಿನ ಲೆಕ್ಕಕ್ಕೆ ಇಳಿದದ್ದೂ ಉಂಟು. ಹೂವು ಭಾನುವಾರ ರಜೆ ಕೊಡುವುದಿಲ್ಲ. ಬೆಳಗಾಗುವಾಗ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಹೊತ್ತೇರುವ ಮುನ್ನ ಹೂ ಕೊಳ್ಳುವ ಕಟ್ಟೆಗೆ ಮುಟ್ಟಿಸಬೇಕು. ಇದನ್ನು ನಡೆಸಿಕೊಂಡು ಬಂದವರು ಬಹುತೇಕ ಹೆಂಗಸರು. ಈ ದುಡಿಮೆಯಲ್ಲಿ ಮಕ್ಕಳ ಕಾಲೇಜು ಫೀಸು ಕಟ್ಟಿದ ಮನೆಗಳು ಶಿರ್ವ, ಕಟಪಾಡಿ ಕಡೆ ಬೇಕಾದಷ್ಟಿವೆ. ಅವರನ್ನು ಯಾರೂ ಸ್ವಾವಲಂಬಿ ಜೀವನದ ವಿಡಿಯೊದಲ್ಲಿ ತೋರಿಸುವುದಿಲ್ಲ.

ಹದಿನೈದು ಸೆಂಟ್ಸಿನಲ್ಲಿ ಆಗದ್ದು ದನ. ಊರಿನ ಗಿಡ್ಡ ತಳಿಯೇ ಆದರೂ ಹುಲ್ಲು ಹೊರಗಿನಿಂದ ಬರಬೇಕು, ಬೈಹುಲ್ಲಿಗೆ ಈಗ ಬೆಲೆಯೂ ಇದೆ. ಜೊತೆಗೆ ನೀವು ಮನೆ ಬಿಟ್ಟು ಒಂದು ರಾತ್ರಿಯೂ ಹೋಗುವಂತಿಲ್ಲ. ಕೋಳಿ ಸಾಕಬಹುದು, ಮುಂಗುಸಿಯ ಪಾಲು ತೆಗೆದಿಟ್ಟು ಲೆಕ್ಕ ಹಾಕಿ.

ಸಮುದ್ರದ ಹತ್ತಿರ ಜಾಗ ನೋಡುವವರು ಬಾವಿಯ ನೀರನ್ನು ಬೇಸಿಗೆಯ ಕೊನೆಗೆ ಬಾಯಿಗೆ ಹಾಕಿ ನೋಡಬೇಕು. ಹೊಳೆಬದಿಯ ಎಷ್ಟೋ ಬಾವಿಗಳು ಜನವರಿಯವರೆಗೆ ಸಿಹಿಯಿದ್ದು ಆಮೇಲೆ ಉಪ್ಪಾಗುತ್ತವೆ. ಕರಾವಳಿಯ ಮರಳು ಮಣ್ಣಿಗೂ ಒಗ್ಗುವ ಬೆಳೆಗಳಿವೆ. 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಮಟ್ಟುಗುಳ್ಳ ಬದನೆ ಬೆಳೆಯುವುದು ಅಂಥ ಊರಿನಲ್ಲೇ. ಆದರೆ ಅದಕ್ಕೂ ಸಿಹಿನೀರು ಬೇಕೇಬೇಕು.

ತರವಾಡು ಮನೆಗೆ ವಾಪಸು

ತರವಾಡು ಎಂದರೆ ಕುಟುಂಬದ ಮೂಲಮನೆ. ಅಲ್ಲಿಗೆ ಮರಳುವುದು ಹೊರಗಿನಿಂದ ನೋಡಿದರೆ ಅತ್ಯಂತ ಅಗ್ಗದ ದಾರಿ. ಜಾಗ ಇದೆ, ಮನೆ ಇದೆ, ಮರ ಫಲ ಕೊಡುತ್ತಿದೆ. ನಿಜಕ್ಕೂ ಇದರಷ್ಟು ಸಿಕ್ಕಿನ ದಾರಿ ಇನ್ನೊಂದಿಲ್ಲ.

ಪಹಣಿ ತೆಗೆದು ನೋಡಿ. ಮಾಲೀಕರ ಕಾಲಮ್ಮಿನಲ್ಲಿ ತೀರಿಹೋದ ಅಜ್ಜನ ಹೆಸರೇ ಇರಬಹುದು, ಅಥವಾ ಮುಂಬೈ, ಮಸ್ಕತ್‌ನಲ್ಲಿರುವವರೂ ಸೇರಿ ಹನ್ನೆರಡು ಹೆಸರಿರಬಹುದು. ಅಳಿಯಕಟ್ಟಿನ ಕುಟುಂಬವಾದರೆ ಪಾಲು ತಾಯಿಯ ಕಡೆಯಿಂದ ಬಂದದ್ದು, ಕವರುಗಳ (ತಾಯಿ ಕಡೆಯ ಕವಲುಗಳ) ಲೆಕ್ಕ ಇನ್ನೂ ಉದ್ದ. ನೀವು ಹೋಗಿ ಮಾಡು ರಿಪೇರಿ ಮಾಡಿಸಿ, ಬಾವಿ ಕೆರೆ ಹೂಳೆತ್ತಿ, ಹೊಸ ಸಸಿ ನೆಟ್ಟು ಐದು ವರ್ಷ ಆದ ಮೇಲೆ ಪಾಲಿನ ಮಾತು ಏಳುತ್ತದೆ. ಏಳದೆ ಇರುವ ಮನೆ ಅಪರೂಪ. ಆದ್ದರಿಂದ ಮೊದಲು ಪಾಲುಪಟ್ಟಿ, ಆಮೇಲೆ ಪಿಕ್ಕಾಸು. ಎಲ್ಲರೂ ಒಪ್ಪಿ ಬರೆದು ರಿಜಿಸ್ಟರ್ ಮಾಡಿಸಿ, ನಿಮ್ಮ ಭಾಗಕ್ಕೆ 11ಇ ನಕ್ಷೆ (ಪಾಲು ಗುರುತಿಸುವ ಸರ್ವೆ ನಕ್ಷೆ), ಪ್ರತ್ಯೇಕ ಪಹಣಿ ಆಗುವವರೆಗೆ ದೊಡ್ಡ ಖರ್ಚಿಗೆ ಇಳಿಯಬೇಡಿ. ಪ್ರೀತಿಯಿಂದ ಇರುವಾಗಲೇ ಕಾಗದ ಮಾಡಿಸುವುದು ಸುಲಭ.

ಮನೆಯೊಂದಿಗೆ ಬರುವ ಕರ್ತವ್ಯಗಳೂ ಇವೆ. ನಾಗಬನಕ್ಕೆ ತಂಬಿಲದ ಪೂಜೆ, ದೈವದ ಕೋಣೆಗೆ ದೀಪ, ವರ್ಷಕ್ಕೊಮ್ಮೆ ಪರ್ವದ ಸೇವೆ, ಯಾವಾಗಲೋ ಒಮ್ಮೆ ನೇಮ. ಊರಿಗೆ ಬಂದು ಕುಳಿತವರೇ ಇದರ ಉಸ್ತುವಾರಿ ಎಂದು ಉಳಿದವರು ಮಾತಿಲ್ಲದೆ ನಿಶ್ಚಯಿಸಿಬಿಡುತ್ತಾರೆ. ಅದು ಹೊರೆಯೋ ಭಾಗ್ಯವೋ ಎಂಬುದು ಅವರವರಿಗೆ ಬಿಟ್ಟದ್ದು. ಎಷ್ಟೋ ಜನ ನೆಲಕ್ಕಿಂತ ಇದಕ್ಕೋಸ್ಕರವೇ ಮರಳಿ ಬಂದಿದ್ದಾರೆ, ಅವರಿಗೆ ಹೋಲಿಕೆ ಪಟ್ಟಿಯ ಅಗತ್ಯವೂ ಇಲ್ಲ. ಹೊರಗಿನವರಿಂದ ಜಾಗ ಖರೀದಿಸುವವರಿಗೂ ಈ ಮಾತು ಸಲ್ಲುತ್ತದೆ. ಜಾಗದಲ್ಲಿ ಬನವಿದ್ದರೆ, ಮಾರಿದ ಕುಟುಂಬದವರು ನಾಗರಪಂಚಮಿಗೆ ಹಾಲೆರೆಯಲು ಬರುತ್ತಾರೆ. ದಾರಿ ಬಿಡಬೇಕು. ಖರೀದಿಗೆ ಮೊದಲೇ ಕೇಳಿ ತಿಳಿದುಕೊಳ್ಳಿ.

ಒಂದೆರಡು ಎಕರೆ ಖರೀದಿಸಿ ಕೃಷಿ

2020ರ ತಿದ್ದುಪಡಿ ಬಂದ ಮೇಲೆ ಕೃಷಿಕರಲ್ಲದವರೂ ಕರ್ನಾಟಕದಲ್ಲಿ ಕೃಷಿ ಜಾಗ ಕೊಳ್ಳಬಹುದು, ಮೊದಲಿದ್ದ ಆದಾಯ ಮಿತಿಯೂ ಹೋಗಿದೆ. ಕಾರ್ಕಳ, ಬೆಳ್ತಂಗಡಿ, ಪುತ್ತೂರು ಕಡೆ ಬೆಂಗಳೂರು ನೋಂದಣಿಯ ಕಾರುಗಳು ಹೆಚ್ಚಿದ್ದು ಸುಮ್ಮನೆ ಅಲ್ಲ.

ನಮ್ಮ ಜಿಲ್ಲೆಗಳಿಗಷ್ಟೇ ಗೊತ್ತಿರುವ ಒಂದು ಸಂಗತಿಯಿದೆ, ಕುಮ್ಕಿ. ಬ್ರೋಕರ್ "ಒಂದು ಎಕರೆ ವರ್ಗ, ಒಂದು ಎಕರೆ ಕುಮ್ಕಿ, ಒಟ್ಟು ಎರಡು" ಎಂದು ಹೇಳುತ್ತಾನೆ. ವರ್ಗ, ಅಂದರೆ ಪಟ್ಟಾ ಜಾಗ, ನಿಮ್ಮದಾಗುತ್ತದೆ. ಕುಮ್ಕಿಯೆಂದರೆ ಹಳೆಯ ವರ್ಗ ಜಾಗದ ಸುತ್ತ ನೂರು ಗಜದೊಳಗಿನ ಸರಕಾರಿ ನೆಲ. ಸೊಪ್ಪು, ಸೌದೆ, ಮೇವು ತೆಗೆಯುವ ಸವಲತ್ತು ಇದೆ, ಒಡೆತನ ಇಲ್ಲ. ಬೆಲೆಯನ್ನು ವರ್ಗಕ್ಕೆ ಮಾತ್ರ ಕಟ್ಟಿ. ಮನೆ ಕಟ್ಟುವ ಯೋಚನೆ ಇದ್ದರೆ ಭೂಪರಿವರ್ತನೆ, 9/11 (ಪಂಚಾಯತಿನ ಆಸ್ತಿ ದಾಖಲೆ) ಸಿಗುವ ಜಾಗವೋ ಅಲ್ಲವೋ ಎಂದು ಪಂಚಾಯತಿನಲ್ಲೇ ವಿಚಾರಿಸಿ.

ಇನ್ನು ಬೆಳೆ. ಎರಡು ಎಕರೆಯೆಂದರೆ ಇಲ್ಲಿ ಅಡಿಕೆ, ಬೇರೆ ಮಾತಿಲ್ಲ ಎಂಬಂತಾಗಿದೆ. ಕಾರಣವೂ ಇದೆ. ಕೊಳ್ಳುವವರು ಸದಾ ಇದ್ದಾರೆ, 1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕ್ಯಾಂಪ್ಕೊದಂಥ ಸಹಕಾರಿ ಬೆನ್ನಿಗಿದೆ, ಒಣಗಿಸಿದ ಅಡಿಕೆ ಮನೆಯಲ್ಲಿಟ್ಟು ಬೆಲೆ ನೋಡಿ ಮಾರಬಹುದು. ಆದರೆ ಸಸಿ ನೆಟ್ಟರೆ ಫಸಲು ಕಾಣಲು ಐದಾರು ವರ್ಷ, ತೋಟ ಎಂದು ಹೇಳಿಕೊಳ್ಳಲು ಅದಕ್ಕೂ ಮಿಕ್ಕಿ. ಅಷ್ಟು ವರ್ಷ ಮನೆಖರ್ಚು ಬೇರೆಲ್ಲಿಂದಲೋ ಬರಬೇಕು. ಬೆಳೆದು ನಿಂತ ತೋಟ ಕೊಂಡರೆ ಕಾಯುವುದು ತಪ್ಪುತ್ತದೆ, ಬೆಲೆ ಮಾತ್ರ ಬಹಳ ಹೆಚ್ಚು. ಸುಳ್ಯದ ಕೆಲವು ಕಡೆ ಹಳದಿ ಎಲೆ ರೋಗ ತೋಟಗಳನ್ನೇ ಬರಿದು ಮಾಡಿದೆ, ಎಲೆಚುಕ್ಕಿಯೂ ಹರಡಿದೆ. ತೋಟದ ಗರಿ ನೋಡಲು ಬಲ್ಲವರೊಬ್ಬರನ್ನು ಕರೆದೊಯ್ಯದೆ ಮುಂಗಡ ಕೊಡಬೇಡಿ.

ಎರಡನೆಯ ಪ್ರಶ್ನೆ, ಮಳೆಗಾಲದಲ್ಲಿ ಯಾರಿರುತ್ತಾರೆ ಎಂಬುದು, ನೆತ್ತಿಯ ಮೇಲೆ ಕೂರುವುದು ಇಲ್ಲಿಯೇ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ, ಅಂದರೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮಳೆ ಹಿಡಿಯುವ ಮೊದಲೊಮ್ಮೆ, ಮತ್ತೆ ನಲವತ್ತು ನಲವತ್ತೈದು ದಿನ ಕಳೆದು ಇನ್ನೊಮ್ಮೆ, ಮಳೆ ಬಿಡದಿದ್ದರೆ ಮೂರನೆಯದೂ ಬೇಕು. ಎರಡನೆಯ ಮದ್ದು ಬಿಡುವ ಹೊತ್ತಿಗೆ ಮಳೆ ಬಿಡುವು ಕೊಡುವುದು ಎರಡು ಮೂರು ದಿನ. ಆ ದಿನಗಳಲ್ಲೇ ಊರಿನ ಎಲ್ಲ ತೋಟಕ್ಕೂ ಮರ ಏರುವವರು ಬೇಕು. ಅವರು ಮೊದಲು ಹೋಗುವುದು ವರ್ಷವಿಡೀ ಅಲ್ಲೇ ಇರುವ, ಕರೆದರೆ ಓಗೊಡುವ ಮನೆಗೆ. ಬೆಂಗಳೂರಿನಿಂದ ಫೋನು ಮಾಡುವವರ ಸರದಿ ಬರುವಾಗ ಅಡಿಕೆ ಉದುರಿರುತ್ತದೆ. ಕಾರ್ಬನ್ ಫೈಬರ್ ದೋಟಿ (ಉದ್ದದ ಕೋಲು) ಬಂದ ಮೇಲೆ ನೆಲದಲ್ಲೇ ನಿಂತು ಮದ್ದು ಬಿಡುವುದು, ಕೊಯ್ಯುವುದು ಸಾಧ್ಯವಾಗಿದೆ. ಆದರೂ ದೋಟಿ ಹಿಡಿಯಲು ಪಳಗಿದ ಕೈ ಬೇಕು. ಕೊಯ್ದ ಮೇಲೆ ಅಂಗಳದಲ್ಲಿ ನಲವತ್ತು ದಿನ ಒಣಗಿಸಿ, ಅಕಾಲ ಮಳೆ ಬಂದರೆ ಓಡಿ ರಾಶಿ ಮಾಡಿ, ಆಮೇಲೆ ಸುಲಿಸಿ. ಮಂಗ, ನವಿಲು, ಕಾಡುಹಂದಿ, ಕೆಂಜಳಿಲಿನ ಲೆಕ್ಕ ನಾನು ಹಾಕಿಲ್ಲ.

ಇಷ್ಟಾದರೂ ಮರಕ್ಕೆ ಎರಡು ಕಿಲೋ ಚಾಲಿ (ಒಣಗಿಸಿ ಸುಲಿದ) ಅಡಿಕೆ ಸಿಕ್ಕರೆ ಒಂದು ಎಕರೆಗೆ ಹತ್ತು ಹನ್ನೊಂದು ಕ್ವಿಂಟಾಲ್. ಅಲ್ಲೇ ಇರುವ ಕೃಷಿಕರಿಗೆ ಅದು ಒಳ್ಳೆಯ ಆದಾಯವೇ. ಗಂಡ ಹೆಂಡತಿಯಲ್ಲಿ ಒಬ್ಬರಾದರೂ ಪೂರ್ಣ ಅಲ್ಲೇ ಇರುವುದಾದರೆ, ಮೇ ಕೊನೆಗೂ ಕೆರೆಯಲ್ಲಿ ನೀರಿದ್ದರೆ, ಧೈರ್ಯವಾಗಿ ಇಳಿಯಬಹುದು. ಹತ್ತು ಎಚ್‌ಪಿವರೆಗಿನ ಕೃಷಿ ಪಂಪಿಗೆ ಕರೆಂಟು ಬಿಲ್ ಇಲ್ಲ, ಆದರೆ ಜಾಗದಲ್ಲಿ ಕೃಷಿ ಸಂಪರ್ಕದ ಆರ್‌ಆರ್ ನಂಬರ್ ಇದೆಯೇ ನೋಡಿಕೊಳ್ಳಿ.

ವಾರಾಂತ್ಯಕ್ಕೆ ಬಂದು ಹೋಗುವವರಿಗೆ ಇದು ಆಗದು. ಅಂಥವರಿಗೆಂದೇ "ಫಾರ್ಮ್ ಪ್ಲಾಟ್" ಎಂಬ ಸರಕು ಬಂದಿದೆ: ಕಾಲು ಎಕರೆ, ಬಣ್ಣದ ಗೇಟು, ನಿರ್ವಹಣೆ ಕಂಪನಿಯದ್ದು. ಒಂದೇ ಪಹಣಿಯಲ್ಲಿ ಹಲವರ ಹೆಸರು ಸೇರಿಸಿ ಮಾರಿದ್ದಾದರೆ ನಾಳೆ ನಿಮ್ಮ ತುಂಡನ್ನು ಮಾರುವುದೂ ಕಷ್ಟ, ಮನೆ ಕಟ್ಟುವುದೂ ಕಷ್ಟ. ಆ ದುಡ್ಡಿನಲ್ಲಿ ವರ್ಷಕ್ಕೆ ನಾಲ್ಕು ಸಲ ಒಳ್ಳೆಯ ಹೋಮ್‌ಸ್ಟೇಗೆ ಹೋಗಬಹುದು.

ಅಂಗಡಿಯ ಹಂಗು ಬೇಡ ಎನ್ನುವವರು

ಇವರು ಕಡಿಮೆ, ಆದರೆ ಇವರ ಮೇಲೆ ನನಗೆ ಗೌರವ. ಬ್ರಹ್ಮಾವರ ಸಮೀಪದ ಚೇರ್ಕಾಡಿ ರಾಮಚಂದ್ರ ರಾಯರು ಗಾಂಧಿಯ ದಾರಿ ಹಿಡಿದು ಪುಟ್ಟ ಹಿಡುವಳಿಯಲ್ಲೇ ಅನ್ನ ಬೆಳೆದು, ಸರಳವಾಗಿ ಬದುಕಿ ತೋರಿಸಿದವರು. ನೋಡಿ ಬಂದವರು ಬಹಳ, ಅದೇ ಹಾದಿ ಹಿಡಿದವರು ವಿರಳ.

ಅಕ್ಕಿಯ ಲೆಕ್ಕ ಮಾತ್ರ ಜನ ಎಣಿಸಿದಷ್ಟು ಕಷ್ಟವಲ್ಲ. ನಾಲ್ಕು ಜನರ ಮನೆಗೆ ದಿನಕ್ಕೆ ಒಂದು ಕಿಲೋ ಕುಚ್ಚಲಕ್ಕಿ ಎಂದರೆ ವರ್ಷಕ್ಕೆ 365 ಕಿಲೋ, ಭತ್ತದ ಲೆಕ್ಕದಲ್ಲಿ ಆರು ಕ್ವಿಂಟಾಲಿನ ಒಳಗೆ. ಎಂಒ4 ತಳಿಯೋ, ಬ್ರಹ್ಮಾವರದ ಸಂಶೋಧನಾ ಕೇಂದ್ರದ ಸಹ್ಯಾದ್ರಿ ಕೆಂಪುಮುಕ್ತಿಯೋ ಹಾಕಿದರೆ ಅರ್ಧ ಎಕರೆಯ ಒಂದು ಏಣಿಲು (ಮುಂಗಾರು) ಬೆಳೆ ಸಾಕು. ಎಣ್ಣೆಗೆ ತೆಂಗು, ಹುಳಿಗೆ ಪುನರ್ಪುಳಿ ಇದೆ. ಬೇಳೆ, ಬೆಲ್ಲ, ಉಪ್ಪು, ಮೀನು ಹೊರಗಿನಿಂದಲೇ. ಆಸ್ಪತ್ರೆ ಮತ್ತು ಮಕ್ಕಳ ಫೀಸಿಗೆ ನಗದೇ ಬೇಕು. ಹಾಗಾಗಿ ಮಕ್ಕಳ ಓದು ಮುಗಿದ, ಸಣ್ಣದಾದರೂ ಪೆನ್ಶನ್ ಬರುವ ದಂಪತಿಗೆ ಈ ದಾರಿ ಹೊಂದುತ್ತದೆ. ಮೂವತ್ತರ ಹರೆಯದವರು ಕೆಲಸ ಬಿಟ್ಟು ಇದಕ್ಕೆ ಹೊರಟರೆ ನಾನು ತಡೆಯುವುದಿಲ್ಲ, ಒಬ್ಬರ ಸಂಬಳ ಉಳಿಸಿಕೊಳ್ಳಿ ಎನ್ನುತ್ತೇನೆ.

ಕೊಳ್ಳುವ ಮೊದಲು

ಜಾಗವನ್ನು ನವೆಂಬರಿನಲ್ಲಿ ನೋಡಿ ಮರುಳಾಗಬೇಡಿ. ಆಗ ಎಲ್ಲವೂ ಹಸಿರು, ತೋಡಿನಲ್ಲಿ ನೀರು. ಏಪ್ರಿಲ್ ಕೊನೆಗೆ ಹೋಗಿ ಬಾವಿಗೆ ಹಗ್ಗ ಬಿಟ್ಟು ನೋಡಿ, ನೆರೆಮನೆಯ ಅಜ್ಜಿಯನ್ನು ಕೇಳಿ. ಮಾರುವವರು ಹೇಳದ್ದನ್ನು ಅವರು ಹೇಳುತ್ತಾರೆ. ಜುಲೈಯಲ್ಲಿ ಮತ್ತೆ ಹೋಗಿ, ಕಾರು ಅಂಗಳದವರೆಗೆ ಹೋಗುತ್ತದೆಯೇ, ಗುಡ್ಡೆಯ ಮಣ್ಣು ಜರಿಯುತ್ತದೆಯೇ, ಕರೆಂಟು ಎಷ್ಟು ದಿನ ಇರುವುದಿಲ್ಲ ಎಂದು ನೋಡಿ.

ಅಷ್ಟೂ ತಾಳ್ಮೆ ಇಲ್ಲದವರು ಏನನ್ನೂ ಕೊಳ್ಳದೆ ಒಂದು ಬೆಳೆ ಮಾಡಿ ನೋಡಬಹುದು. ಉಡುಪಿ ಸುತ್ತ ಹಡಿಲು (ಪಾಳು) ಬಿದ್ದ ಗದ್ದೆಗೆ ಕೊರತೆಯಿಲ್ಲ. 2021ರಲ್ಲಿ ಅವನ್ನು ಮತ್ತೆ ಉಳುವ ದೊಡ್ಡ ಅಭಿಯಾನವೇ ನಡೆದು, ಬೆಳೆದ ಅಕ್ಕಿ "ಉಡುಪಿ ಕೇದಾರ ಕಜೆ" ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದಿತ್ತು. ಕೃಷಿ ಜಾಗವನ್ನು ಗೇಣಿಗೆ ಕೊಡಲು ನಮ್ಮಲ್ಲಿ ಕಾನೂನಿನ ಅವಕಾಶ ಇಲ್ಲ, 1974ರ ನೆನಪಿರುವ ಒಡೆಯರು ಕಾಗದ ಎಂದರೆ ಹೆದರುತ್ತಾರೆ ಕೂಡ. ಪರಿಚಯದವರ ಗದ್ದೆಯಲ್ಲಿ ಅವರೊಂದಿಗೇ ಸೇರಿ ಮಾಡಿ, ಖರ್ಚು ನಿಮ್ಮದು, ಅಕ್ಕಿ ಹಂಚಿಕೆ. ಮೇ ಮೊದಲ ವಾರದೊಳಗೆ ಮಾತಾಡಿ ಮುಗಿಸಿ. ಬೀಜಕ್ಕೆ ರೈತ ಸಂಪರ್ಕ ಕೇಂದ್ರದಲ್ಲಿ ಹೆಸರು ಕೊಡಬೇಕು, ನಾಟಿ ಯಂತ್ರದವರು ಮಳೆ ಬಿದ್ದ ಮೇಲೆ ಫೋನು ಎತ್ತುವುದಿಲ್ಲ.